ಐಸಿಯು ರೋಗಿಗೆ ಹಗಲು ಮಂಪರು, ರಾತ್ರಿ ಎಚ್ಚರ: ಮೆಲಟೋನಿನ್ ಮಾತ್ರೆಯಾಚೆ ಏನು ಮಾಡಬಹುದು?

ಪ್ರಶ್ನೆ: ಹಾಸಿಗೆ_ಹತ್ತು

ಹತ್ತು ಹಾಸಿಗೆಯ ಮೆಡಿಕಲ್ ಐಸಿಯು, ಕಿಟಕಿ ಇರುವುದು ನಾಲ್ಕಕ್ಕೆ ಮಾತ್ರ. ವೆಂಟಿಲೇಟರ್ ಮೇಲೆ ನಾಲ್ಕೈದು ದಿನ ಕಳೆದವರಲ್ಲಿ ಬಹುಪಾಲು ಒಂದೇ ಪಾಡು. ಬೆಳಗಿನ ರೌಂಡ್ಸ್ ಹೊತ್ತಿಗೆ ಕರೆದರೂ ಕಣ್ಣು ಬಿಡುವುದಿಲ್ಲ, ರಾತ್ರಿ ಹನ್ನೊಂದಾದ ಮೇಲೆ ಎಚ್ಚರಾಗಿ ಟ್ಯೂಬಿಗೆ ಕೈ ಹಾಕುತ್ತಾರೆ. ರಾತ್ರಿ ಮಿಡಜೋಲಂ (ಮಂಪರು ತರುವ ಔಷಧ) ಏರುತ್ತದೆ. ಆಮೇಲೆ ಬೆಳಗ್ಗೆ ವೀನಿಂಗ್‌ಗೆ (ವೆಂಟಿಲೇಟರ್ ಬಿಡಿಸುವ ಪ್ರಯತ್ನಕ್ಕೆ) ರೋಗಿಯೇ ಸಿಗುವುದಿಲ್ಲ.

ಈಗ ಎಲ್ಲರಿಗೂ ರಾತ್ರಿ ಮೆಲಟೋನಿನ್ (ರಾತ್ರಿ ದೇಹದಲ್ಲೇ ಸ್ರವಿಸುವ ನಿದ್ದೆಯ ಹಾರ್ಮೋನು) ಬರೆಯುವ ಪ್ರಸ್ತಾಪ ಇದೆ. ಅದರಿಂದ ಎಷ್ಟು ಪ್ರಯೋಜನ? ಪ್ರಮಾಣ ಎಷ್ಟು, ಎಷ್ಟು ಗಂಟೆಗೆ? ರಾತ್ರಿ ದೀಪ ಆರಿಸಿದರೆ ರೋಗಿಯ ಮೇಲೆ ನಿಗಾ ತಪ್ಪುತ್ತದೆ ಎಂಬ ಆಕ್ಷೇಪವೂ ಬಂದಿದೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಗಂಟೆಗೊಮ್ಮೆ ಶುಗರ್ ನೋಡಬೇಕು, ಇದರ ನಡುವೆ ನಿದ್ದೆಗೆ ಜಾಗ ಎಲ್ಲಿಂದ ತರುವುದು? ಕೈಗೆ ಹತ್ತುವಂಥ ಉತ್ತರ ಬೇಕು.

ಉತ್ತರ 1: ನಿಗಾವೈದ್ಯ

ಮೊದಲು ಮಿಡಜೋಲಂ. ಔಷಧ ಕೊಟ್ಟು ಮಲಗಿಸಿದ್ದೆಲ್ಲ ನಿದ್ದೆಯಲ್ಲ. ಮಿಡಜೋಲಂ ಸೇರಿದ ಬೆಂಜೊಡಯಜೆಪೀನ್‌ ಗುಂಪಿನ ಔಷಧಗಳು ಗಾಢನಿದ್ದೆಯ ನಿಧಾನ ಅಲೆಗಳನ್ನೂ ಕನಸಿನ ಹಂತವನ್ನೂ ತಿಂದುಹಾಕುತ್ತವೆ. ನೋಡುವವರಿಗೆ ರೋಗಿ ಮಲಗಿದ್ದಾನೆ ಎನಿಸುತ್ತದೆ, ಇಇಜಿಯಲ್ಲಿ (ಮಿದುಳಿನ ವಿದ್ಯುತ್ ಅಲೆಗಳ ದಾಖಲೆ) ಸಹಜ ನಿದ್ದೆಯ ಗುರುತು ಇರುವುದಿಲ್ಲ. ಮೇಲಾಗಿ ಮೂತ್ರಪಿಂಡ ಸೋತವರಲ್ಲಿ ಮಿಡಜೋಲಂ ಒಡೆದು ಹುಟ್ಟುವ ಸಕ್ರಿಯ ಪದಾರ್ಥ ದೇಹದಲ್ಲೇ ಉಳಿದುಬಿಡುತ್ತದೆ. ಬೆಳಗ್ಗೆ ಆರಕ್ಕೆ ಪಂಪ್ ನಿಲ್ಲಿಸಿದರೂ ಮಧ್ಯಾಹ್ನದವರೆಗೆ ಮಂಪರು ಇಳಿಯದಿರುವುದಕ್ಕೆ ಅದೇ ಕಾರಣ. ನೀವು ಹೇಳಿದ ಹಗಲು-ರಾತ್ರಿ ಅದಲುಬದಲಿನ ಅರ್ಧ ಪಾಲು ಇಲ್ಲಿಯೇ ಇರಬಹುದು.

ಇನ್ನು ಗಡಿಯಾರ. ಹೈಪೊಥಾಲಮಸ್‌ನಲ್ಲಿ ಸುಮಾರು 20,000 ನರಕೋಶಗಳ ಒಂದು ಗುಂಪು ಇಡೀ ದೇಹಕ್ಕೆ ಹೊತ್ತು ಹೇಳುತ್ತದೆ. ಹೊರಗಿನ ಸುಳಿವಿಲ್ಲದೆ ಬಿಟ್ಟರೆ ಅದರ ಒಂದು ಸುತ್ತು ಸರಾಸರಿ 24.2 ಗಂಟೆ. ಅಂದರೆ ದಿನಕ್ಕೆ ಹನ್ನೆರಡು ನಿಮಿಷ ಹಿಂದೆ ಬೀಳುತ್ತದೆ. ಐದು ದಿನಕ್ಕೆ ಹೆಚ್ಚೆಂದರೆ ಒಂದು ಗಂಟೆ. ಆದ್ದರಿಂದ "ಕಿಟಕಿ ಇಲ್ಲ, ಅದಕ್ಕೇ ಗಡಿಯಾರ ತಿರುಗಿಬಿಟ್ಟಿದೆ" ಎನ್ನುವ ಸಾಮಾನ್ಯ ವಿವರಣೆ ಲೆಕ್ಕಕ್ಕೆ ಕೂಡಿಬರುವುದಿಲ್ಲ. ಐದು ದಿನದಲ್ಲಿ ಆರೇಳು ಗಂಟೆ ಜಾರಿದೆ ಎಂದರೆ ಯಾವುದೋ ಒಂದು ಅದನ್ನು ತಳ್ಳುತ್ತಿದೆ ಎಂದೇ ಅರ್ಥ. ಹಾಗೆ ತಳ್ಳುವುದರಲ್ಲಿ ಮುಖ್ಯವಾದದ್ದು ರಾತ್ರಿಯ ಬೆಳಕು. ದೇಹದ ಒಳ ಉಷ್ಣತೆ ಅತ್ಯಂತ ಕೆಳಗಿಳಿಯುವುದು ಸಾಮಾನ್ಯವಾಗಿ ಬೆಳಗಿನ ಜಾವ ನಾಲ್ಕೈದರ ಸುಮಾರಿಗೆ. ಅದಕ್ಕೆ ಮುಂಚೆ ಕಣ್ಣಿಗೆ ಬಿದ್ದ ಬೆಳಕು ಗಡಿಯಾರವನ್ನು ಹಿಂದಕ್ಕೆ ತಳ್ಳುತ್ತದೆ, ನಂತರ ಬಿದ್ದದ್ದು ಮುಂದಕ್ಕೆ ಎಳೆಯುತ್ತದೆ. ರಾತ್ರಿ ಹನ್ನೆರಡಕ್ಕೆ ಪಕ್ಕದ ಹಾಸಿಗೆಗೆ ಹೊಸ ರೋಗಿ ಬಂದಾಗ ಇಡೀ ಹಾಲಿನ ದೀಪ ಹಾಕಿದರೆ ಉಳಿದ ಒಂಬತ್ತು ಮಂದಿಯ ಗಡಿಯಾರಕ್ಕೂ ಒಂದು ತಳ್ಳು.

ಎರಡು ಬೇರೆ ತೊಂದರೆಗಳನ್ನು ಒಂದೇ ಹೆಸರಿನಲ್ಲಿ ಕರೆಯುವುದೂ ಗೊಂದಲಕ್ಕೆ ದಾರಿ. ಮೂತ್ರದಲ್ಲಿ ಮೆಲಟೋನಿನ್‌ನ ಒಡೆದ ರೂಪವನ್ನು ಗಂಟೆಗಂಟೆಗೆ ಅಳೆದು, ವೆಂಟಿಲೇಟರ್ ಮೇಲೆ ಸೆಡೇಶನ್‌ನಲ್ಲಿದ್ದವರನ್ನು (ಔಷಧದ ಮಂಪರಿನಲ್ಲಿದ್ದವರನ್ನು) ನೋಡಿದ 2012ರ ಒಂದು ಅಧ್ಯಯನದಲ್ಲಿ ಹೆಚ್ಚಿನವರಲ್ಲಿ ಲಯ ಇತ್ತು, ಹೊತ್ತು ಮಾತ್ರ ತಪ್ಪಿತ್ತು. ಸೆಪ್ಸಿಸ್ (ಸೋಂಕು ಇಡೀ ದೇಹವನ್ನು ಕಂಗೆಡಿಸಿದ ಸ್ಥಿತಿ) ರೋಗಿಗಳನ್ನು ನೋಡಿದ 2002ರ ಅಧ್ಯಯನದಲ್ಲಿ ಲಯವೇ ಚಪ್ಪಟೆಯಾಗಿತ್ತು, ಸೆಪ್ಸಿಸ್ ಇಲ್ಲದ ಐಸಿಯು ರೋಗಿಗಳಲ್ಲಿ ಉಳಿದಿತ್ತು. ಹೊತ್ತು ತಪ್ಪಿದ್ದನ್ನು ಬೆಳಕಿನಿಂದ ಎಳೆದು ತರಲು ಪ್ರಯತ್ನಿಸಬಹುದು. ಚಪ್ಪಟೆಯಾದದ್ದಕ್ಕೆ ಸೋಂಕು ಇಳಿಯುವ ತನಕ ದೀಪ, ಮಾತ್ರೆ ಎರಡೂ ಹೆಚ್ಚು ಮಾಡಲಾರವು.

ನಿಮ್ಮ ಪ್ರಶ್ನೆಯೆಲ್ಲ ರಾತ್ರಿಯ ಮೇಲಿದೆ. ನನ್ನ ಮಟ್ಟಿಗೆ ಕೆಲಸ ಶುರುವಾಗಬೇಕಾದದ್ದು ಹಗಲಿನಿಂದ. ಗಡಿಯಾರಕ್ಕೆ ಬೆಳಕಿನ ಸುದ್ದಿ ಮುಟ್ಟಿಸುವ ಅಕ್ಷಿಪಟಲದ ಕೋಶಗಳಲ್ಲಿ ಮೆಲನಾಪ್ಸಿನ್ ಎಂಬ ವರ್ಣದ್ರವ್ಯ ಇದೆ. ಅದು ಚೆನ್ನಾಗಿ ಹೀರುವುದು 480 ನ್ಯಾನೊಮೀಟರ್ ಸುತ್ತಲಿನ ನೀಲಿಬೆಳಕನ್ನು. 2022ರಲ್ಲಿ ತಜ್ಞರ ಗುಂಪೊಂದು ಕೊಟ್ಟ ಶಿಫಾರಸು ಆರೋಗ್ಯವಂತ ವಯಸ್ಕರಿಗಾದರೂ ನಮಗೆ ಅಳತೆಗೋಲು ಆಗುತ್ತದೆ: ಹಗಲು ಕಣ್ಣಿನ ಮಟ್ಟದಲ್ಲಿ ಕನಿಷ್ಠ 250 ಮೆಲನಾಪಿಕ್ ಲಕ್ಸ್ (ಮೆಲನಾಪ್ಸಿನ್‌ಗೆ ತಟ್ಟುವ ಬೆಳಕಿನ ಅಳತೆ), ಮಲಗುವ ಮುಂಚಿನ ಮೂರು ಗಂಟೆ ಹೆಚ್ಚೆಂದರೆ 10, ನಿದ್ದೆಯಲ್ಲಿ ಹೆಚ್ಚೆಂದರೆ 1. ಸಾಧಾರಣ 4000 ಕೆಲ್ವಿನ್ ಎಲ್‌ಇಡಿಯಲ್ಲಿ 250 ಮೆಲನಾಪಿಕ್ ಲಕ್ಸ್ ಬರಬೇಕಾದರೆ ಲಕ್ಸ್ ಮೀಟರಿನಲ್ಲಿ ಸುಮಾರು 400 ತೋರಿಸಬೇಕು. ಐಸಿಯುಗಳಲ್ಲಿ ಹಗಲು ರೋಗಿಯ ಕಣ್ಣಿನ ಹತ್ತಿರ 100-200 ದಾಟದಿರುವುದು ತೀರಾ ಸಾಮಾನ್ಯ. ಹೊರಗೆ, ಮೋಡ ಕವಿದ ದಿನವೂ, ಸಾವಿರಾರು.

ಮೀಟರ್ ಹಿಡಿಯುವುದರಲ್ಲೇ ಎಡವುತ್ತಾರೆ. ಮೇಜಿನ ಮೇಲಿಟ್ಟು ಅಳೆಯಬೇಡಿ. ದಿಂಬಿನ ಮೇಲೆ, ರೋಗಿಯ ಕಣ್ಣು ನೋಡುವ ದಿಕ್ಕಿಗೆ ಸಂವೇದಕ ತಿರುಗಿಸಿ ಅಳೆಯಿರಿ. ತಲೆದಿಂಬಿನ ಹಿಂದೆ ಕಿಟಕಿ ಇದ್ದರೆ ಆ ಕಿಟಕಿಯಿಂದ ಬೆಳಕು ಬರುವುದು ಭೇಟಿಗೆ ಬಂದವರ ಕಣ್ಣಿಗೆ! ಹಾಸಿಗೆ ತಿರುಗಿಸಲು ಗ್ಯಾಸ್ ಪೈಪು ಬಿಡದಿದ್ದರೆ, ತಲೆಭಾಗವನ್ನು 30-45 ಡಿಗ್ರಿ ಎತ್ತಿ ಎದುರಿನ ಗೋಡೆಯ ದೀಪ ಜೋರು ಮಾಡುವುದೇ ದಾರಿ.

ಆದರೆ ದೀಪವೊಂದೇ ಸಾಲದು ಎನ್ನುವುದಕ್ಕೆ ಒಳ್ಳೆಯ ಪುರಾವೆ ಇದೆ. ನೆದರ್ಲೆಂಡ್ಸ್‌ನಲ್ಲಿ ನಡೆದು 2016ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ 700ಕ್ಕೂ ಹೆಚ್ಚು ರೋಗಿಗಳಿದ್ದರು. ಚಾವಣಿ ದೀಪ ಹಗಲು 1700 ಲಕ್ಸ್‌ವರೆಗೆ ಏರುತ್ತಿತ್ತು. ಸನ್ನಿ (ಡೆಲಿರಿಯಂ, ಥಟ್ಟನೆ ಬರುವ ಬುದ್ಧಿಯ ಗೊಂದಲ) ಕಾಣಿಸಿಕೊಂಡದ್ದು ಬೆಳಕಿನ ಗುಂಪಿನಲ್ಲಿ 38%, ಸಾಮಾನ್ಯ ಗುಂಪಿನಲ್ಲಿ 33%. ಲಾಭ ಇಲ್ಲ. ಇದಕ್ಕೆ ನನ್ನ ಓದು ಹೀಗಿದೆ: ಮುಚ್ಚಿದ ರೆಪ್ಪೆ ಬಹುಪಾಲು ಬೆಳಕನ್ನು, ಅದರಲ್ಲೂ ನೀಲಿಯನ್ನು, ತಡೆಯುತ್ತದೆ. ನೋವಿನ ಔಷಧ ಫೆಂಟನಿಲ್ ಮೇಲಿರುವವರ ಪಾಪೆ ಸೂಜಿಮೊನೆಯಷ್ಟಾಗಿರುತ್ತದೆ. ವಯಸ್ಸಾದವರ ಮಸೂರ ಹಳದಿಯಾಗಿ ನೀಲಿಯನ್ನು ಸೋಸುತ್ತದೆ. ಚಾವಣಿಯಲ್ಲಿ 1700 ಇದ್ದರೂ ಅಕ್ಷಿಪಟಲಕ್ಕೆ ಎಷ್ಟು ತಲುಪಿತು ಎನ್ನುವುದೇ ಪ್ರಶ್ನೆ. ಆದ್ದರಿಂದ ಸೆಡೇಶನ್ ಮೊದಲು, ದೀಪ ಆಮೇಲೆ. ಬೇರೆ ಕಾರಣವಿಲ್ಲದಿದ್ದರೆ ರಾಸ್ ಅಂಕ (ಮಂಪರು-ಉದ್ರೇಕದ ಅಳತೆ, 0 ಎಂದರೆ ಶಾಂತ ಎಚ್ಚರ) -2ರಿಂದ +1ರ ನಡುವೆ ಇರಲಿ. ಸೆಡೇಶನ್ ನಿಲ್ಲಿಸಿ ನೋಡುವ ಪರೀಕ್ಷೆ ಬೆಳಗ್ಗೆ ಎಂಟರೊಳಗೆ, ಕನ್ನಡಕ ಮತ್ತು ಶ್ರವಣಯಂತ್ರ ಆಗಲೇ ಹಾಕಬೇಕು, ಫಿಸಿಯೊ ಮಧ್ಯಾಹ್ನಕ್ಕೆ ಮುಂಚೆ. ಮಧ್ಯಾಹ್ನ ಒಂದು ಗಂಟೆ ನಿದ್ದೆ ಪರವಾಗಿಲ್ಲ, ಮೂರರ ಮೇಲೆ ಬೇಡ.

ಒಂದು ಎಚ್ಚರಿಕೆ. ದಿನಗಟ್ಟಲೆ ಮಿಡಜೋಲಂ ಓಡಿದ್ದರೆ ಥಟ್ಟನೆ ನಿಲ್ಲಿಸಬೇಡಿ. ಹಿಂತೆಗೆತದ ನಡುಕ, ಬೆವರು, ಫಿಟ್ಸ್ ಬಂದು ಮತ್ತೆ ಅದೇ ಔಷಧ ಶುರುವಾಗುತ್ತದೆ.

ಉತ್ತರ 2: ರಾತ್ರಿಪಾಳಿ ಸಿಸ್ಟರ್

ರಾತ್ರಿಯನ್ನು ಕೆಡಿಸುವುದು ಹೆಚ್ಚಾಗಿ ರಾತ್ರಿಯವರಲ್ಲ, ಬೆಳಗ್ಗೆ ಬರೆದ ಆರ್ಡರ್. "ಆರು ಗಂಟೆಗೊಮ್ಮೆ" ಎಂದು ಬರೆದರೆ ಚಾರ್ಟಿನಲ್ಲಿ ತಾನಾಗಿ 12-6-12-6 ಎಂದು ಬೀಳುತ್ತದೆ. ಅದನ್ನು 5-11-5-11 ಮಾಡಿದರೆ ಔಷಧಕ್ಕೆ ಯಾವ ವ್ಯತ್ಯಾಸವೂ ಇಲ್ಲ, ರೋಗಿಗೆ ರಾತ್ರಿ 11ರಿಂದ 5ರವರೆಗೆ ಆರು ಗಂಟೆ ಸಿಗುತ್ತದೆ. ಎಂಟು ಗಂಟೆಯವು 6-2-10, ಹನ್ನೆರಡು ಗಂಟೆಯವು 10-10. ಹೊತ್ತು ಬದಲಿಸುವ ಮೊದಲ ದಿನ ಒಂದು ಡೋಸ್ ಒಂದು ಗಂಟೆ ಮುಂಚೆ ಹೋಗುತ್ತದೆ. ಆಂಟಿಬಯೋಟಿಕ್‌ನಲ್ಲಿ ಅದನ್ನು ಮುಂಚೆಯೇ ಕೊಡಿ, ತಡ ಮಾಡಬೇಡಿ.

ರಾತ್ರಿ ಒಬ್ಬ ರೋಗಿಯನ್ನು ಎಷ್ಟು ಸಲ ಮುಟ್ಟುತ್ತೇವೆ ಎಂದು ಎಣಿಸಿದ 2004ರ ಒಂದು ಅಧ್ಯಯನದಲ್ಲಿ ಸರಾಸರಿ 42.6 ಸಲ ಬಂದಿತ್ತು. 147 ರಾತ್ರಿಗಳಲ್ಲಿ ಎರಡು-ಮೂರು ಗಂಟೆ ಯಾರೂ ಮುಟ್ಟದ ಅವಧಿ ಸಿಕ್ಕಿದ್ದು ಒಟ್ಟು ಒಂಬತ್ತು. ದಿನದ ಸ್ನಾನಗಳಲ್ಲಿ 62% ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರ ನಡುವೆ. ಈ ಸ್ನಾನದ ವಿಷಯದಲ್ಲಿ ನಾಚಿಕೊಳ್ಳಬೇಕಾದದ್ದೇ. ಬೆಳಗಿನ ಪಾಳಿಗೆ ಹೊರೆ ಇಳಿಸಲು ಜಾವ ಮೂರಕ್ಕೆ ಒದ್ದೆ ಬಟ್ಟೆ ಹಿಡಿದು ನಿಲ್ಲುವುದಕ್ಕೆ ವೈದ್ಯಕೀಯ ಕಾರಣ ಒಂದೂ ಇಲ್ಲ.

ನಿದ್ದೆಯ ಒಂದು ಸುತ್ತಿಗೆ ಸುಮಾರು ತೊಂಬತ್ತು ನಿಮಿಷ ಬೇಕು. ಹಾಗಾಗಿ "ಕಡಿಮೆ ಮುಟ್ಟಿ" ಎಂದರೆ ಸಾಲದು, ಮುಟ್ಟದ ಹೊತ್ತು ಒಟ್ಟಿಗೆ ಸಿಗಬೇಕು. ಎರಡು ಕಟ್ಟು ಮಾಡಿಕೊಳ್ಳಿ: 11ರಿಂದ 2, ಎರಡೂವರೆಯಿಂದ 5. ನಡುವಿನ ಅರ್ಧ ಗಂಟೆಯಲ್ಲಿ ಮಗ್ಗುಲು, ಡಯಾಪರ್, ಶುಗರ್, ಬಾಯಿ ಒರೆಸುವುದು ಎಲ್ಲವೂ ಇಬ್ಬರು ಸೇರಿ ಒಂದೇ ಸಲ. ಉಳಿದ ಹೊತ್ತು ಗಂಟೆಯ ಚಾರ್ಟಿಂಗ್ ಮಾನಿಟರ್ ನೋಡಿ ಬರೆಯಿರಿ. ಧಮನಿ ಲೈನ್ (ರಕ್ತದೊತ್ತಡವನ್ನು ಸದಾ ತೋರಿಸುವ ನಳಿಕೆ) ಇರುವವರಿಗೆ ತೋಳಿನ ಕಫ್ ಯಾಕೆ ಉಬ್ಬಿಸಬೇಕು? ಲೈನ್ ಇದ್ದೂ ಕಫ್ 15 ನಿಮಿಷಕ್ಕೊಮ್ಮೆ ಓಡುತ್ತಿರುವುದು ಎಷ್ಟೋ ಹಾಸಿಗೆಗಳಲ್ಲಿ ಸಿಗುತ್ತದೆ, ನೋಡಿ.

ಈ ಕಟ್ಟು ನಿಲ್ಲುವುದು, ಕುಸಿಯುವುದು ಎರಡೂ ರಾತ್ರಿ ಹತ್ತರ ಸುತ್ತಿನ ಮೇಲೆ. ಆಗ ಮಾಡಬೇಕಾದ್ದು:

– ಸಿರಿಂಜ್ ಪಂಪಿನ ಲೆಕ್ಕ ಹಾಕಿ. ರಕ್ತದೊತ್ತಡ ಏರಿಸುವ ನಾರ್‌ಅಡ್ರಿನಲಿನ್ ಗಂಟೆಗೆ 6 ಮಿ.ಲೀ. ಓಡುತ್ತಿದ್ದು 20 ಮಿ.ಲೀ. ಉಳಿದಿದ್ದರೆ ಅದು 1.20ಕ್ಕೆ ಮುಗಿಯುತ್ತದೆ, "ಮುಗಿಯುತ್ತಾ ಬಂತು" ಎನ್ನುವ ಅಲಾರಂ ಅದಕ್ಕೂ ಮುಂಚೆ. 50ರ ಹೊಸ ಸಿರಿಂಜ್ ಅದೇ ವೇಗದಲ್ಲಿ 8 ಗಂಟೆ 20 ನಿಮಿಷ ಬರುತ್ತದೆ. ಎರಡನೇ ಸಿರಿಂಜನ್ನು ಹತ್ತಕ್ಕೇ ತುಂಬಿ ಪಕ್ಕದ ಪಂಪಿಗೆ ಹಾಕಿಟ್ಟು, ಹನ್ನೊಂದರೊಳಗೆ ಬದಲಿಸಿ.

– ಟ್ಯೂಬಿನ ಕಫ್ ಒತ್ತಡ 20-30 ಸೆಂ.ಮೀ. ನೀರಿನಷ್ಟಿದೆಯೇ ನೋಡಿ, ಸರ್ಕ್ಯೂಟ್‌ನಲ್ಲಿ ನಿಂತ ನೀರು ಬಸಿಯಿರಿ. ಬಳುಕುವ ನೀರು ಸುಳ್ಳು ಟ್ರಿಗರ್ ಕೊಡುತ್ತದೆ, ರೋಗಿ ಉಸಿರೆಳೆದನೆಂದು ಯಂತ್ರ ತಪ್ಪು ತಿಳಿಯುತ್ತದೆ.

– ಇಸಿಜಿ ಎಲೆಕ್ಟ್ರೋಡ್ ಒಣಗಿದ್ದರೆ ಚರ್ಮ ಒರೆಸಿ ಹೊಸದು ಅಂಟಿಸಿ. ಒಣಗಿದ ಜೆಲ್ಲಿನಿಂದ ಬರುವ "ಅಸಿಸ್ಟೊಲಿ" (ಹೃದಯ ನಿಂತಿದೆ) ಅಲಾರಂ ಇಡೀ ಹಾಲನ್ನು ಎಬ್ಬಿಸುತ್ತದೆ.

– ಅಲಾರಂ ಮಿತಿ ರೋಗಿಗೆ ತಕ್ಕಂತೆ. ಸಿಒಪಿಡಿಯವರಿಗೆ (ದೀರ್ಘಕಾಲದ ಶ್ವಾಸಕೋಶ ರೋಗ) ರಕ್ತದ ಆಮ್ಲಜನಕದ ಸ್ಯಾಚುರೇಶನ್ ಗುರಿಯೇ 88-92% ಇರುವಾಗ ಕೆಳಮಿತಿ 90 ಇಟ್ಟರೆ ರಾತ್ರಿಯೆಲ್ಲ ಕಿರುಚಾಟ, 86 ಇಡಿ. ಸ್ಯಾಚುರೇಶನ್ ಅಲಾರಂಗೆ 10-15 ಸೆಕೆಂಡ್ ತಡ ಕೊಡುವ ಸೌಲಭ್ಯ ಇದ್ದರೆ ಬಳಸಿ, ಕ್ಷಣಿಕ ಇಳಿತಗಳು ಅಲ್ಲೇ ನಿಲ್ಲುತ್ತವೆ. ಹಾಸಿಗೆ ಪಕ್ಕದ ಸದ್ದು ತಗ್ಗಿಸುವುದು ಸೆಂಟ್ರಲ್ ಮಾನಿಟರ್ ಮುಂದೆ ಸದಾ ಒಬ್ಬರು ಇದ್ದರೆ ಮಾತ್ರ. ಕೆಂಪು ಅಲಾರಂ ಮುಟ್ಟಲೇಬೇಡಿ.

ಕಫ ತೆಗೆಯುವುದನ್ನು ಗಡಿಯಾರ ನೋಡಿ ಮಾಡುವ ಅಭ್ಯಾಸ ಬಿಡಿ. ಗುರುಗುರು ಕೇಳಿದರೆ, ಫ್ಲೋ ಗ್ರಾಫಿನಲ್ಲಿ ಗರಗಸದ ಹಲ್ಲು ಕಂಡರೆ, ಒತ್ತಡ ಏರಿದರೆ ತೆಗೆಯಿರಿ. ಮಗ್ಗುಲು: ಒತ್ತಡ ಹಂಚುವ ಹಾಸಿಗೆ ಇದ್ದು, ಚರ್ಮ ಚೆನ್ನಾಗಿದ್ದು, ರಕ್ತದೊತ್ತಡ ಸ್ಥಿರವಾಗಿದ್ದರೆ ರಾತ್ರಿ ಮೂರು ಗಂಟೆಗೊಮ್ಮೆ ಸಾಕೆಂದು ತಂಡ ನಿರ್ಧರಿಸಬಹುದು. ಬೆನ್ನಿನ ಕೆಳಗೆ ಕೆಂಪಿದ್ದರೆ ಎರಡು ಗಂಟೆಯೇ, ಅಲ್ಲಿ ರಾಜಿ ಇಲ್ಲ. ಶುಗರ್: ಇನ್ಸುಲಿನ್ ಇನ್‌ಫ್ಯೂಷನ್ ವೇಗ ಬದಲಾಗುತ್ತಿರುವ ತನಕ ಗಂಟೆಗೊಮ್ಮೆ ಬೇಕು, ಸ್ಥಿರವಾದ ಮೇಲೂ ಅದನ್ನೇ ಮುಂದುವರಿಸುವುದು ಬರೀ ರೂಢಿ. ಧಮನಿ ಲೈನ್‌ನಿಂದ ತೆಗೆದರೆ ಬೆರಳು ಚುಚ್ಚುವುದೂ ತಪ್ಪುತ್ತದೆ. ಜಾವ ನಾಲ್ಕರ ರಕ್ತ ಪರೀಕ್ಷೆ ಐದಕ್ಕೆ ಸರಿಯಲಿ, ದಿನಾ ಎದೆ ಎಕ್ಸ್‌ರೇ ಎನ್ನುವುದು ಬೇಕಾದಾಗ ಎಕ್ಸ್‌ರೇ ಆಗಲಿ.

ಈ ಕಟ್ಟಿಗೆ ಸೇರದವರು: ದಾಖಲಾಗಿ 24 ಗಂಟೆ ಆಗದವರು, ರಕ್ತದೊತ್ತಡ ಕುಸಿದು (ಶಾಕ್) ಔಷಧ ಏರುತ್ತಲೇ ಇರುವವರು, ಗಂಟೆಗೊಮ್ಮೆ ಪಾಪೆ-ಪ್ರಜ್ಞೆ ನೋಡಲೇಬೇಕಾದ ಮಿದುಳಿನ ರೋಗಿಗಳು, ಮಗುಚಿ ಮಲಗಿಸಿದವರು.

ಹಾಸಿಗೆ_ಹತ್ತು

ಔಷಧದ ವೇಳೆ ಬದಲಿಸುವುದು ನಾಳೆಯೇ ಆಗುವ ಕೆಲಸ. ದೀಪದ ಬಗ್ಗೆ ಇನ್ನೊಂದು. ರಾತ್ರಿಗೆ ಅಂಬರ್ ಬಣ್ಣದ ದೀಪ ಹಾಕಿಸಿ ಎಂದು ಸಲಹೆ ಬಂದಿದೆ. ಅದರಲ್ಲಿ ಔಷಧದ ಲೇಬಲ್ ಓದುವುದು ಹೇಗೆ? ಇಯರ್‌ಪ್ಲಗ್, ಕಣ್ಣುಪಟ್ಟಿ ಎಲ್ಲರಿಗೂ ಕೊಡಬಹುದೇ?

ಉತ್ತರ 3: ರಾತ್ರಿಪಾಳಿ ಸಿಸ್ಟರ್

ಅಂಬರ್ ಬೆಳಕಿನಲ್ಲಿ ಹಳದಿ ಲೇಬಲ್ಲೂ ಬಿಳಿ ಲೇಬಲ್ಲೂ ಒಂದೇ ಆಗಿ ಕಾಣುತ್ತವೆ, ನೀಲಿ ಅಕ್ಷರ ಕಪ್ಪಾಗುತ್ತದೆ. ತುಟಿ ನೀಲಿಯಾಗಿದೆಯೇ, ಕಣ್ಣು ಹಳದಿಯೇ ಎಂದೂ ತಿಳಿಯುವುದಿಲ್ಲ. ಹಾಗಾಗಿ ಅಂಬರ್ ಓಡಾಟಕ್ಕೆ ಮಾತ್ರ: ಹಾಸಿಗೆಯ ಕೆಳಗೆ, ಮೊಣಕಾಲಿಗಿಂತ ಕೆಳಮಟ್ಟದಲ್ಲಿ. ಔಷಧ ಬೆರೆಸುವ ಟ್ರಾಲಿಗೆ ಬಿಳಿ ದೀಪವೇ ಇರಲಿ, ಮುಚ್ಚಳ ಇರುವಂಥದ್ದು, ಬೆಳಕು ಕೆಳಗೆ ಬೀಳುವಂಥದ್ದು, ರೋಗಿಗೆ ಬೆನ್ನು ಮಾಡಿ. ಪರೀಕ್ಷೆಗೆ ಹಾಸಿಗೆಗೊಂದು ಸ್ಪಾಟ್‌ಲೈಟ್. ಹಾಲಿನ ದೀಪಗಳಿಗೆಲ್ಲ ಒಂದೇ ಸ್ವಿಚ್ ಇದ್ದರೆ ಮೊದಲು ಎಲೆಕ್ಟ್ರಿಷಿಯನ್ ಕರೆಸಿ ಹಾಸಿಗೆವಾರು ಬೇರೆ ಮಾಡಿಸಿ. ಅಂಬರ್ ಬಲ್ಬಿಗಿಂತ ಅದರಿಂದಲೇ ಹೆಚ್ಚು ಉಪಯೋಗ.

ನಿಗಾ ತಪ್ಪುತ್ತದೆ ಎನ್ನುವ ಆಕ್ಷೇಪಕ್ಕೆ: ಕತ್ತಲಲ್ಲೂ ಕಾಣಬೇಕಾದವು ಟ್ಯೂಬ್ ಕಟ್ಟಿದ ಮಟ್ಟ, ಲೈನಿನ ಜೋಡಣೆ, ಡ್ರೆಸ್ಸಿಂಗ್. ಇವನ್ನು ಹತ್ತಕ್ಕೆ, ಎರಡಕ್ಕೆ, ಐದಕ್ಕೆ ಪೂರ್ಣ ಬೆಳಕಿನಲ್ಲಿ ನೋಡಿ ಸಹಿ ಹಾಕಿ. ಡಯಾಲಿಸಿಸ್ ಕ್ಯಾತಿಟರ್ ಓಡುತ್ತಿದ್ದರೆ ಜೋಡಣೆ ಹೊದಿಕೆಯ ಹೊರಗಿರಲಿ. ಕತ್ತಲೆ ಮತ್ತು ಕಂಬಳಿ ಎರಡೂ ಸೇರಿದಾಗ ರಕ್ತಸ್ರಾವ ಗೊತ್ತಾಗುವುದು ತಡ.

ಇಯರ್‌ಪ್ಲಗ್ ಕೊಡುವಾಗ ಕೇಳಿ ಕೊಡಿ. ಫೋಮ್ ಪ್ಲಗ್ಗನ್ನು ತೆಳ್ಳಗೆ ಹೊಸೆದು, ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು, ಒಳಗಿಟ್ಟು ಅರ್ಧ ನಿಮಿಷ ಬೆರಳಲ್ಲಿ ಒತ್ತಿ ಹಿಡಿಯಬೇಕು. ಕಿವಿಯ ಬಾಯಲ್ಲಷ್ಟೇ ತುರುಕಿದರೆ ಅದು ಅಲಂಕಾರ. ಕಿವಿಯಿಂದ ಸ್ರಾವ, ತಲೆಬುರುಡೆಯ ಬುಡದ ಮುರಿತ, ಮಾತೇ ಕೇಳದಂಥ ಸನ್ನಿ ಇದ್ದರೆ ಬೇಡ. ಕಣ್ಣುಪಟ್ಟಿ ಹಾಕುವ ಮುಂಚೆ ರೆಪ್ಪೆ ಪೂರ್ತಿ ಮುಚ್ಚುತ್ತದೆಯೇ ನೋಡಿ. ಅರೆತೆರೆದ ಕಣ್ಣಿಗೆ ಬಟ್ಟೆ ಉಜ್ಜಿದರೆ ಕಾರ್ನಿಯಾ ಹುಣ್ಣು ಖಂಡಿತ, ಅಲ್ಲಿ ಮೊದಲು ಕಣ್ಣಿನ ಜೆಲ್. ಕೈ ಎತ್ತಿ ತಾನೇ ತೆಗೆಯಲಾಗದವರಿಗೆ ಪಟ್ಟಿ ಕಟ್ಟುವುದು ಕಣ್ಣು ಕಟ್ಟಿದಂತೆಯೇ. ಬೆಳಗ್ಗೆ ಆರಕ್ಕೆ ಎರಡನ್ನೂ ತೆಗೆಯುವುದು ಯಾರ ಕೆಲಸ ಎಂದು ಬರೆದಿಡಿ. ಹಗಲು ಹನ್ನೊಂದಕ್ಕೂ ಪ್ಲಗ್ ಕಿವಿಯಲ್ಲೇ ಇದ್ದರೆ ಪ್ರಜ್ಞೆಯ ಪರೀಕ್ಷೆಯೇ ತಪ್ಪಾಗುತ್ತದೆ.

ಉತ್ತರ 4: ಔಷಧಪೆಟ್ಟಿಗೆ

ಮೆಲಟೋನಿನ್ ಪ್ರಶ್ನೆ ಹಾಗೇ ಉಳಿದಿದೆ.

ಸನ್ನಿ ತಡೆಯುತ್ತದೆ ಎಂದು ಕೊಡುವುದಾದರೆ: ಆಸ್ಟ್ರೇಲಿಯಾದ ಪ್ರೊ-ಮೆಡಿಕ್ ಪರೀಕ್ಷೆಯಲ್ಲಿ 850 ರೋಗಿಗಳಿಗೆ ರಾತ್ರಿ ಒಂಬತ್ತಕ್ಕೆ 4 ಮಿ.ಗ್ರಾಂ. ಅಥವಾ ಹುಸಿಮಾತ್ರೆ, 14 ರಾತ್ರಿ. 2022ರ ಫಲಿತಾಂಶ: ಸನ್ನಿಯಲ್ಲಿ ವ್ಯತ್ಯಾಸವಿಲ್ಲ. ಅಮೆರಿಕದ ಕ್ರಿಟಿಕಲ್ ಕೇರ್ ಸೊಸೈಟಿಯ 2018ರ ಮಾರ್ಗಸೂಚಿ ಮೆಲಟೋನಿನ್ ಬಗ್ಗೆ ಯಾವ ಶಿಫಾರಸನ್ನೂ ಮಾಡಲಿಲ್ಲ. 2025ರ ಪರಿಷ್ಕರಣೆ ಕೊಡುವುದರ ಕಡೆ ವಾಲಿದೆ, ಷರತ್ತಿನ ಮೇಲೆ, ಪುರಾವೆ ದುರ್ಬಲ ಎಂದು ಒಪ್ಪಿಕೊಂಡೇ. ಹಾನಿ ಕಡಿಮೆ, ಲಾಭ ಅನಿಶ್ಚಿತ. ಕೊಡಬಾರದೆಂದು ಹೇಳುವುದಿಲ್ಲ, ಅದನ್ನು ಕೊಟ್ಟೆವು ಎಂಬ ನೆಪದಲ್ಲಿ ಮೇಲಿನ ಸಿಸ್ಟರ್ ಹೇಳಿದ್ದನ್ನು ಬಿಡಬಾರದು ಅಷ್ಟೇ.

ಪ್ರಮಾಣ: ಹೆಚ್ಚು ಕೊಟ್ಟರೆ ಹೆಚ್ಚು ನಿದ್ದೆ ಎನ್ನುವುದು ಇಲ್ಲಿ ನಡೆಯದು. 10 ಮಿ.ಗ್ರಾಂ. ಕೊಟ್ಟು ಐಸಿಯು ರೋಗಿಗಳ ರಕ್ತದ ಮಟ್ಟ ಅಳೆದ 2008ರ ಅಧ್ಯಯನದಲ್ಲಿ ಮಟ್ಟ ಸಹಜಕ್ಕಿಂತ ತುಂಬಾ ಮೇಲೇರಿ ಬೆಳಗ್ಗೆಯೂ ಉಳಿದಿತ್ತು. 1-2 ಮಿ.ಗ್ರಾಂ. ಸಾಕೆಂದು ಅದೇ ಲೇಖಕರು ಸೂಚಿಸಿದರು. ಆರೋಗ್ಯವಂತರಲ್ಲಿ ಅರ್ಧಾಯು ಮುಕ್ಕಾಲು ಗಂಟೆಯ ಆಸುಪಾಸು. ಯಕೃತ್ತು ಸೋತವರಲ್ಲಿ ಉದ್ದವಾಗುತ್ತದೆ. ಇದನ್ನು ಒಡೆಯುವ ಕಿಣ್ವ ಸಿವೈಪಿ1ಎ2. ಸಿಪ್ರೊಫ್ಲಾಕ್ಸಸಿನ್ ಎಂಬ ಆಂಟಿಬಯೋಟಿಕ್ ಆ ಕಿಣ್ವವನ್ನು ತಡೆಯುತ್ತದೆ, ಖಿನ್ನತೆಯ ಔಷಧ ಫ್ಲುವೊಕ್ಸಮಿನ್ ಇನ್ನೂ ಜೋರಾಗಿ. ಸಿಪ್ರೊ ಓಡುತ್ತಿರುವವರಿಗೆ 3 ಮಿ.ಗ್ರಾಂ. ಎನ್ನುವುದು 3 ಆಗಿ ಉಳಿಯುವುದಿಲ್ಲ.

ವೇಳೆ: ದಿನಾ ಒಂದೇ ಹೊತ್ತಿಗೆ, ಎಂಟೂವರೆ-ಒಂಬತ್ತು. "ನಿದ್ದೆ ಬರದಿದ್ದರೆ ಕೊಡಿ" ಎಂದು ಬರೆಯುವುದು ದೊಡ್ಡ ತಪ್ಪು. ಸಂಜೆ ಕೊಟ್ಟ ಮೆಲಟೋನಿನ್ ಗಡಿಯಾರವನ್ನು ಮುಂದಕ್ಕೆ ಎಳೆಯುತ್ತದೆ, ಬೆಳಗಿನ ಕಡೆ ಕೊಟ್ಟದ್ದು ಹಿಂದಕ್ಕೆ ತಳ್ಳುತ್ತದೆ. ಜಾವ ಮೂರಕ್ಕೆ ಎಚ್ಚರವಾದವರಿಗೆ ಕೊಟ್ಟರೆ ನಾಳೆ ಬೆಳಗಿನ ಮಂಪರನ್ನು ಇಂದೇ ಬರೆದಂತೆ. ಮೂಗಿನ ನಳಿಕೆಗೆ ನಿಧಾನ ಬಿಡುಗಡೆಯ ಮಾತ್ರೆ ಪುಡಿ ಮಾಡಬೇಡಿ. ಪುಡಿಯಾದ ಮೇಲೆ ಅದು ನಿಧಾನವಾಗಿ ಉಳಿಯುವುದಿಲ್ಲ. ಸಾದಾ ಮಾತ್ರೆ ಅಥವಾ ದ್ರವ, ಮುಂದೆ ಹಿಂದೆ ನೀರಿನಿಂದ ತೊಳೆದು. ಹೊಟ್ಟೆ ಖಾಲಿಯಾಗದೆ ಫೀಡ್ (ನಳಿಕೆಯಲ್ಲಿ ಕೊಡುವ ಆಹಾರ) ಹಿಂದೆ ಬರುತ್ತಿದ್ದರೆ ಮಾತ್ರೆಯೂ ಅಲ್ಲೇ ಕೂತಿರುತ್ತದೆ.

ಮೆಲಟೋನಿನ್ ಬರೆಯುವ ಮುಂಚೆ ಉಳಿದ ಚಾರ್ಟನ್ನೂ ಒಮ್ಮೆ ಓದಿ. ಮೆಟೊಪ್ರೊಲಾಲ್, ಅಟೆನೊಲಾಲ್, ಪ್ರೊಪ್ರನೊಲಾಲ್ (ಹೃದಯ, ರಕ್ತದೊತ್ತಡದ ಮದ್ದುಗಳು) ದೇಹದ ಸ್ವಂತ ಮೆಲಟೋನಿನ್ ಸ್ರಾವವನ್ನು ತಗ್ಗಿಸುತ್ತವೆ. ನಿದ್ದೆ ಕೆಡಿಸುವ ಸ್ಟೀರಾಯ್ಡ್‌ಗಳಲ್ಲಿ ದಿನಕ್ಕೊಮ್ಮೆಯ ಡೆಕ್ಸಾಮೆಥಸೋನ್, ಪ್ರೆಡ್ನಿಸೊಲೋನ್ ಬೆಳಗ್ಗೆ ಎಂಟಕ್ಕೆ. ಹೈಡ್ರೊಕಾರ್ಟಿಸೋನ್ 50 ಮಿ.ಗ್ರಾಂ. ಆರು ಗಂಟೆಗೊಮ್ಮೆ ಎಂದಿದ್ದರೆ ತಪ್ಪಿಸಲಾಗದು, ಅದೇ 5-11-5-11. ಮೂತ್ರ ಹೆಚ್ಚಿಸುವ ಫ್ಯುರೊಸಮೈಡ್ ಸಂಜೆಯ ಡೋಸ್ ನಾಲ್ಕಕ್ಕೆ ಮುಗಿಯಲಿ. ನಿದ್ದೆಗೆಂದು ಅಲರ್ಜಿಯ ಹಳೇ ಮದ್ದುಗಳನ್ನು, ಫೆನಿರಮಿನ್ ಥರದ್ದನ್ನು, ಕೊಡಬೇಡಿ, ಸನ್ನಿ ಏರುತ್ತದೆ. ಉದ್ರೇಕ ಇಳಿಸುವ ಮನೋರೋಗದ ಔಷಧ ಹ್ಯಾಲೊಪೆರಿಡಾಲ್ ಸನ್ನಿಯ ದಿನಗಳನ್ನು ಕಡಿಮೆ ಮಾಡುವುದಿಲ್ಲ ಎಂದು 2018ರ ಮೈಂಡ್-ಯುಎಸ್‌ಎ ಪರೀಕ್ಷೆ ತೋರಿಸಿದೆ. ಅಪಾಯಕಾರಿ ಉದ್ರೇಕಕ್ಕೆ ಸರಿ, ನಿದ್ದೆಗಲ್ಲ.

ರಾತ್ರಿ ಉದ್ರೇಕಕ್ಕೆ ಏನಾದರೂ ಬೇಕೇ ಬೇಕು ಎಂದಾದರೆ ಮಿಡಜೋಲಂ ಬದಲು ಡೆಕ್ಸ್‌ಮೆಡಿಟೊಮಿಡಿನ್ ಎಂಬ ಬೇರೆ ಬಗೆಯ ಸೆಡೇಶನ್ ಔಷಧ. 100 ಮಂದಿಯ 2018ರ ಪರೀಕ್ಷೆಯಲ್ಲಿ ರಾತ್ರಿ ಮಾತ್ರ, ಗಂಟೆಗೆ ಕೆಜಿಗೆ 0.2 ಮೈಕ್ರೊಗ್ರಾಂನಿಂದ ಶುರುಮಾಡಿ ಗರಿಷ್ಠ 0.7ರವರೆಗೆ ಕೊಟ್ಟರು. ಸನ್ನಿಯಿಲ್ಲದೆ ಉಳಿದವರು 80%, ಹುಸಿಔಷಧದಲ್ಲಿ 54%. ಆದರೆ ರೋಗಿಗಳೇ ಹೇಳಿದ ನಿದ್ದೆಯ ಗುಣಮಟ್ಟ ಎರಡೂ ಕಡೆ ಒಂದೇ. ಲೋಡಿಂಗ್ ಡೋಸ್ ಬೇಡ. ನಾಡಿ 50ಕ್ಕೆ ಇಳಿದರೆ, ರಕ್ತದೊತ್ತಡ ಜಾರಿದರೆ ತಗ್ಗಿಸಿ. ಬೆಳಗ್ಗೆ ಆರಕ್ಕೆ ನಿಲ್ಲಿಸಲು ಮರೆತರೆ ಮತ್ತೆ ಹಳೇ ಕಥೆ.

ಉತ್ತರ 5: ಉಸಿರುಯಂತ್ರ

ವೆಂಟಿಲೇಟರ್ ಮೋಡ್ ಬಗ್ಗೆ ಯಾರೂ ಹೇಳಲಿಲ್ಲ. ಸದ್ದು, ಮುಟ್ಟುವಿಕೆ ಎರಡೂ ಸೇರಿ ಎಚ್ಚರಗಳಲ್ಲಿ 30%ಕ್ಕೂ ಕಡಿಮೆಗೆ ಕಾರಣ ಎಂದು 2003ರ ಒಂದು ಅಧ್ಯಯನ ಲೆಕ್ಕ ಹಾಕಿತ್ತು. ಉಳಿದದ್ದರಲ್ಲಿ ಯಂತ್ರದ ಪಾಲೂ ಇದೆ.

ವೀನಿಂಗ್‌ಗೆಂದು ಹಗಲು ಪ್ರೆಶರ್ ಸಪೋರ್ಟ್‌ಗೆ (ರೋಗಿಯೇ ಎಳೆದ ಉಸಿರಿಗೆ ಯಂತ್ರ ಒತ್ತಡ ಕೂಡಿಸುವ ಮೋಡ್) ಹಾಕಿ ರಾತ್ರಿಯೂ ಅದರಲ್ಲೇ ಬಿಡುತ್ತಾರೆ. ಎಚ್ಚರವಿದ್ದಾಗ ಸಪೋರ್ಟ್ 16 ಸೆಂ.ಮೀ. ನೀರಿನಷ್ಟು ಹಿತವಾಗಿರಬಹುದು. ನಿದ್ದೆ ಹತ್ತಿದೊಡನೆ ಎಚ್ಚರದ ಉಸಿರಾಟದ ಒತ್ತಾಸೆ ಹೋಗುತ್ತದೆ, ಅದೇ ಸಪೋರ್ಟ್ ಈಗ ಹೆಚ್ಚಾಗಿ ಇಂಗಾಲದ ಡೈಆಕ್ಸೈಡನ್ನು ಉಸಿರು ನಿಲ್ಲುವ ಮಟ್ಟಕ್ಕಿಂತ ಕೆಳಗಿಳಿಸುತ್ತದೆ. ಉಸಿರು ನಿಲ್ಲುತ್ತದೆ, 20 ಸೆಕೆಂಡಿಗೆ ಅಪ್ನಿಯಾ ಅಲಾರಂ, ರೋಗಿ ಎಚ್ಚರ. ಮತ್ತೆ ನಿದ್ದೆ, ಮತ್ತೆ ಅದೇ. 2002ರಲ್ಲಿ 11 ರೋಗಿಗಳಲ್ಲಿ ಹೋಲಿಸಿದಾಗ ಗಂಟೆಗೆ ನಿದ್ದೆ ಮುರಿದದ್ದು ಪ್ರೆಶರ್ ಸಪೋರ್ಟ್‌ನಲ್ಲಿ 79 ಸಲ, ಅಸಿಸ್ಟ್-ಕಂಟ್ರೋಲ್‌ನಲ್ಲಿ (ರೋಗಿ ಎಳೆಯದಿದ್ದರೂ ಯಂತ್ರ ನಿಗದಿತ ಉಸಿರು ಕೊಡುವ ಮೋಡ್) 54. ಆರು ಮಂದಿಗೆ ಉಸಿರು ನಿಂತಿತ್ತು. 2018ರ ಮಾರ್ಗಸೂಚಿಯೂ ರಾತ್ರಿ ಅಸಿಸ್ಟ್-ಕಂಟ್ರೋಲ್ ಕಡೆಗಿದೆ.

ಕುರುಹು: ರಾತ್ರಿ ಟೈಡಲ್ ವಾಲ್ಯೂಮ್ (ಒಂದು ಉಸಿರಿನ ಗಾಳಿ) ಕೆಜಿಗೆ 8 ಮಿ.ಲೀ. ಮೇಲೆ, ಉಸಿರಿನ ಸಂಖ್ಯೆ ನಿಮಿಷಕ್ಕೆ 12ಕ್ಕಿಂತ ಕೆಳಗೆ, ನಡುನಡುವೆ ಬ್ಯಾಕಪ್ ಉಸಿರು. ಕಂಡರೆ ಹತ್ತಕ್ಕೆ ಅಸಿಸ್ಟ್-ಕಂಟ್ರೋಲ್‌ಗೆ ಹಾಕಿ ಆರಕ್ಕೆ ಮರಳಿ, ಇಲ್ಲವೇ ಸಪೋರ್ಟ್ ಎರಡೆರಡು ಅಂಕ ಇಳಿಸಿ ನೋಡಿ. ಮಾಸ್ಕ್ ವೆಂಟಿಲೇಶನ್ ಆದರೆ ಮೂಗಿನ ಸೇತುವಿನ ಸೋರಿಕೆ ನೇರ ಕಣ್ಣಿಗೆ ಊದುತ್ತಿರುತ್ತದೆ, ಅದನ್ನು ಸರಿಪಡಿಸದೆ ನಿದ್ದೆಯ ಮಾತೇ ಬೇಡ.

ಹಾಸಿಗೆ_ಹತ್ತು

ಫೀಡನ್ನೂ ಹಗಲಿಗೆ ಸೀಮಿತ ಮಾಡಬೇಕೇ? ಮತ್ತೆ, ಇಷ್ಟೆಲ್ಲ ಮಾಡಿದ ಮೇಲೆ ಸುಧಾರಿಸಿದೆ ಎಂದು ಅಳೆಯುವುದು ಹೇಗೆ?

ಉತ್ತರ 6: ನಿಗಾವೈದ್ಯ

ಫೀಡ್: ಯಕೃತ್ತಿನ ಗಡಿಯಾರ ಬೆಳಕಿಗಿಂತ ಊಟದ ಹೊತ್ತನ್ನು ಕೇಳುತ್ತದೆ, ಆದ್ದರಿಂದ ಯೋಚನೆ ಸರಿ. ರೋಗಿಗೆ ಲಾಭ ಇದೆ ಎಂದು ತೋರಿಸುವ ಗಟ್ಟಿ ಪುರಾವೆ ಇಲ್ಲ. ಮಾಡುವುದಾದರೆ ಲೆಕ್ಕ ನೋಡಿ: 1500 ಮಿ.ಲೀ.ಯನ್ನು 24 ಗಂಟೆಗೆ ಹಂಚಿದರೆ ಗಂಟೆಗೆ 62, 16 ಗಂಟೆಗಾದರೆ 94. ಹೊಟ್ಟೆ ಅದನ್ನು ತಾಳದವರಿಗೆ ಬೇಡ. ಇನ್ಸುಲಿನ್ ಇನ್‌ಫ್ಯೂಷನ್ ಮೇಲಿರುವವರಲ್ಲಿ ಹತ್ತಕ್ಕೆ ಫೀಡ್ ನಿಂತು ಇನ್ಸುಲಿನ್ ಓಡುತ್ತಲೇ ಇದ್ದರೆ ಹನ್ನೆರಡರ ಹೊತ್ತಿಗೆ ಶುಗರ್ ಕುಸಿಯುತ್ತದೆ. ಈ ಒಂದು ಅಪಾಯಕ್ಕಾಗಿಯೇ ನಾನು ಇದನ್ನು ಪಟ್ಟಿಯ ಕೊನೆಗೆ ಇಡುತ್ತೇನೆ.

ಅಳತೆ: ಗಡಿಯಾರವನ್ನೇ ಹಾಸಿಗೆಯ ಪಕ್ಕ ಅಳೆಯುವ ಸುಲಭ ಉಪಾಯ ಇಲ್ಲ. ಉಷ್ಣತೆಯ ಏರಿಳಿತ ನೋಡೋಣವೆಂದರೆ ಜ್ವರ, ಪ್ಯಾರಾಸಿಟಮಾಲ್, ಸತತ ಡಯಾಲಿಸಿಸ್ ಅದನ್ನು ಇಸ್ತ್ರಿ ಹಾಕಿಬಿಡುತ್ತವೆ. ಕೈಗೆ ಕಟ್ಟುವ ಚಲನೆಮಾಪಕಕ್ಕೆ ಸ್ನಾಯು ಸೋತವರೆಲ್ಲ ನಿದ್ದೆಯಲ್ಲಿರುವಂತೆಯೇ ಕಾಣುತ್ತಾರೆ. ಆದ್ದರಿಂದ ನೀವು ಮಾಡುವ ಕೆಲಸವನ್ನೇ ಅಳೆಯಿರಿ. ದಿಂಬಿನ ಬಳಿ ಬೆಳಗ್ಗೆ ಹತ್ತರ ಲಕ್ಸ್ ಮತ್ತು ರಾತ್ರಿ ಒಂದರ ಲಕ್ಸ್. 11ರಿಂದ 5ರ ನಡುವೆ ಯಾರು ಪರದೆ ಸರಿಸಿದರೂ ಹಾಸಿಗೆ ಕಾಲಿನ ಹಾಳೆಯಲ್ಲಿ ಒಂದು ಗೀಟು, ಪಕ್ಕದಲ್ಲಿ ಕಾರಣ. ದಿಂಬಿನ ಬಳಿ ಗಂಟೆಯ ಸರಾಸರಿ ಡೆಸಿಬೆಲ್. ವಿಶ್ವ ಆರೋಗ್ಯ ಸಂಸ್ಥೆ ಆಸ್ಪತ್ರೆ ವಾರ್ಡಿಗೆ ರಾತ್ರಿ 30 ಎನ್ನುತ್ತದೆ, ಗರಿಷ್ಠ 40. ಐಸಿಯುನಲ್ಲಿ ಯಂತ್ರಗಳ ಸದ್ದೇ 45 ದಾಟುವುದುಂಟು, ಹಾಗಾಗಿ 30 ಬರಲಿಲ್ಲ ಎಂದು ಕೈಬಿಡಬೇಡಿ, ಒಂದೊಂದೇ ಬಡಿತವನ್ನು ಹುಡುಕಿ: ಕಸದ ಡಬ್ಬಿಯ ಮುಚ್ಚಳ, ಡ್ರಾಯರ್, ಫೋನು.

ಮಾತಿಗೆ ಸಿಗುವ, ಸನ್ನಿ ಇಲ್ಲದ ರೋಗಿಗೆ ರಿಚರ್ಡ್ಸ್-ಕ್ಯಾಂಪ್‌ಬೆಲ್ ಪ್ರಶ್ನಾವಳಿ: ನಿದ್ದೆಯ ಆಳ, ಹತ್ತಲು ಹಿಡಿದ ಹೊತ್ತು, ಎಚ್ಚರಗಳು, ಮತ್ತೆ ನಿದ್ದೆ ಹತ್ತಿದ್ದು, ಒಟ್ಟು ಗುಣ. ಐದು ಗೆರೆ, ಒಂದೊಂದೂ 0-100, ಸರಾಸರಿ ತೆಗೆಯಿರಿ. ರೋಗಿಯೇ ಗುರುತು ಹಾಕಬೇಕು, ದಾದಿಯರು ಹಾಕಿದರೆ ಅಂಕ ಹೆಚ್ಚು ಬರುತ್ತದೆ. ಸನ್ನಿಗೆ ದಿನಕ್ಕೆ ಎರಡು ಸಲ ಕ್ಯಾಮ್-ಐಸಿಯು (ಹಾಸಿಗೆಯ ಪಕ್ಕದಲ್ಲೇ ಸನ್ನಿ ಗುರುತಿಸುವ ಪರೀಕ್ಷೆ). ಹಗಲಿಡೀ ಸುಮ್ಮನೆ ಮಲಗಿರುವವರನ್ನು ಬಿಟ್ಟುಬಿಡಬೇಡಿ. "ರಾತ್ರಿ ನಿದ್ದೆ ಇಲ್ಲ, ಈಗ ಮಲಗಿದ್ದಾರೆ" ಎಂದು ಬರೆದಿರುವ ಎಷ್ಟೋ ಮಂದಿ ಮಂಕು ಸನ್ನಿಯವರು.

ನಿದ್ದೆಯ ಅಂಕ ಏರದೆಯೇ ಸನ್ನಿ ಇಳಿಯಬಹುದು ಎನ್ನುವುದೂ ತಿಳಿದಿರಲಿ. ಜಾನ್ಸ್ ಹಾಪ್ಕಿನ್ಸ್‌ನ 2013ರ ಸುಧಾರಣಾ ಯೋಜನೆಯಲ್ಲಿ ಹಾಗೆಯೇ ಆಯಿತು. ಒಂದು ತಿಂಗಳಿಗೇ ಅಂಕ ನೋಡಿ ನಿಲ್ಲಿಸಬೇಡಿ.

ಶುರು ಹೀಗೆ: ಮೊದಲ ವಾರ ಏನನ್ನೂ ಬದಲಿಸದೆ ಗೀಟು ಹಾಳೆ ಮಾತ್ರ. ಎರಡನೇ ವಾರ ಔಷಧದ ವೇಳೆ, ಸ್ನಾನ, ನಾಲ್ಕರ ರಕ್ತ ಈ ಮೂರನ್ನೇ ಸರಿಸಿ. ಕಿಟಕಿ ಇರುವ ನಾಲ್ಕು ಹಾಸಿಗೆಯನ್ನು ಸೆಡೇಶನ್ ಇಳಿದು ಕಣ್ಣು ಬಿಡುತ್ತಿರುವವರಿಗೆ ಕೊಡಿ, ಗಾಢ ಸೆಡೇಶನ್‌ನಲ್ಲಿರುವವರಿಗಲ್ಲ. ಈಗ ಬಹುಶಃ ಉಲ್ಟಾ ಇರುತ್ತದೆ.